ಕುಟುಂಬದ ಗುಂಪಿನಲ್ಲಿ ಮುಗಿಯದ ಮಾಸ್ಕ್ ಜಗಳ: ಒಂದು ಆಪ್ತಸಲಹೆ ಪ್ರಕರಣ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದೆ.)

ಕೊಪ್ಪಳ ಜಿಲ್ಲೆಯ ಗಂಗಾವತಿ ಭಾಗದ ಪ್ರಾಥಮಿಕ ಶಾಲಾ ಶಿಕ್ಷಕಿಯೊಬ್ಬರು 2023ರ ಮಧ್ಯಭಾಗದಲ್ಲಿ ನಿದ್ದೆ ಬರುವುದಿಲ್ಲವೆಂದು ಆಪ್ತಸಲಹೆಗೆ ಬಂದರು. ರಾತ್ರಿ ಎಚ್ಚರವಾದಾಗಲೆಲ್ಲ ಮೊಬೈಲ್ ತೆಗೆದು ಹಳೆಯ ವಾಟ್ಸಾಪ್ ಸಂದೇಶಗಳನ್ನು ಓದುವುದು, ಓದುತ್ತ ಎದೆ ಬಡಿತ ಹೆಚ್ಚಾಗುವುದು, ಬರೆಯಬೇಕಿದ್ದ ಉತ್ತರಗಳನ್ನು ಮನಸ್ಸಿನಲ್ಲೇ ಕಟ್ಟುತ್ತ ಬೆಳಗು ಮಾಡುವುದು ಅವರಿಗೆ ರೂಢಿಯಾಗಿತ್ತು. ಕಾರಣ ಹೇಳಲು ಅವರಿಗೆ ಸಂಕೋಚವಿತ್ತು. "ಇಷ್ಟು ಸಣ್ಣದಕ್ಕ ಬಂದಾಳ ಅಂತ ನಗಬ್ಯಾಡ್ರಿ ಮೇಡಂ" ಎಂದು ಪೀಠಿಕೆ ಹಾಕಿ, ಮನೆತನದ ವಾಟ್ಸಾಪ್ ಗುಂಪಿನಲ್ಲಿ ತಂದೆಯ ತಮ್ಮನೊಂದಿಗೆ ಮಾಸ್ಕ್ ಕುರಿತು ಮೂರು ವರ್ಷದ ಹಿಂದೆ ಆರಂಭವಾದ ಜಗಳವನ್ನು ಬಿಡಿಸಿಟ್ಟರು.

2020ರಲ್ಲಿ ಈ ಶಿಕ್ಷಕಿಗೆ ಮನೆ ಮನೆ ಸಮೀಕ್ಷೆಯ ಕೆಲಸ ಬಿದ್ದಿತ್ತು; ಭಯದಿಂದಲೇ ಹೋಗಿ ಬರುತ್ತಿದ್ದರು. ಕಾಕಾ ಅಕ್ಕಿ ಗಿರಣಿಯವರು. ಮಾಸ್ಕ್ ಹಾಕಿದರೆ ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ ಎಂಬ, ಹಲವು ಬಾರಿ ಫಾರ್ವರ್ಡ್ ಆದ ಗುರುತಿದ್ದ ಸಂದೇಶವೊಂದನ್ನು ಕಾಕಾ ಗುಂಪಿಗೆ ಹಾಕಿದರು. ಶಿಕ್ಷಕಿ ಮಾಸ್ಕ್ ಧರಿಸಿಯೇ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು ವಿಡಿಯೊ ಮಾಡಿ ಉತ್ತರವಾಗಿ ಹಾಕಿದರು. "ತಿಂಗಳಾದ್ರ ಸಂಬಳ ಬರಾಕಿಗೆ ಗಿರಣಿ ಕಷ್ಟ ಏನ್ ಗೊತ್ತು" ಎಂದು ಕಾಕಾ ಬರೆದರು. ಅಡ್ಮಿನ್ ಆಗಿದ್ದ ಅಳಿಯಂದಿರು ಪ್ರತಿ ಬಾರಿಯೂ ಕೈಮುಗಿದ ಚಿತ್ರ ಹಾಕಿ ಸುಮ್ಮನಾದರು. ಇಂಥ ಗುಂಪುಗಳಲ್ಲಿ ಅದಕ್ಕಿಂತ ಹೆಚ್ಚಿನ ಮಧ್ಯಸ್ಥಿಕೆಯನ್ನು ನಾನು ಕಂಡದ್ದು ಕಡಿಮೆ. 2021ರ ಎರಡನೆಯ ಅಲೆಯಲ್ಲಿ ಮನೆತನದ ಹಿರಿಯರೊಬ್ಬರು ತೀರಿಕೊಂಡಾಗ, ಎಲ್ಲರೂ ಸಂತಾಪ ಬರೆಯುತ್ತಿದ್ದ ದಿನವೇ ಶಿಕ್ಷಕಿ "ನಾ ಆವಾಗ್ಲೇ ಬಡ್ಕೊಂಡಿದ್ದೆ" ಎಂದು ಬರೆದರು. ಕಾಕಾ ಗುಂಪು ಬಿಟ್ಟರು. ಮುಂದೆ ಅವರ ಮಗನ ಮದುವೆಗೆ ಇವರಿಗೆ ಕರೆಯೋಲೆ ಬರಲಿಲ್ಲ. ಹೀಗಿರುವಾಗ 2023ರಲ್ಲಿ ಸೋದರ ಸಂಬಂಧಿಯೊಬ್ಬ "ಮಾಸ್ಕಿನಿಂದ ಏನೂ ಉಪಯೋಗವಿರಲಿಲ್ಲವಂತೆ" ಎಂಬ ಸುದ್ದಿಯನ್ನು ಇವರ ಹೆಸರಿಗೇ ಟ್ಯಾಗ್ ಮಾಡಿ ಹಾಕಿದ. ನಿದ್ದೆ ಕೆಟ್ಟದ್ದು ಅಲ್ಲಿಂದ.

ಮೊದಲ ಭೇಟಿಯಲ್ಲಿ ಅವರು ಕೇಳಿದ್ದು ತೀರ್ಪನ್ನು. ಆಪ್ತಸಲಹೆಗಾರರು ತೀರ್ಪುಗಾರರಲ್ಲ ಎಂಬುದು ನಿಜವಾದರೂ, ಸಂಗತಿಯನ್ನು ತೇಲಿಸಿಬಿಟ್ಟರೆ ನೊಂದವರಿಗೆ ಅದು ಇನ್ನೊಂದು ಅವಮಾನವಾಗುತ್ತದೆಂದು ನನ್ನ ಅನಿಸಿಕೆ. ಆದ್ದರಿಂದ ಗೊತ್ತಿದ್ದುದನ್ನು ನೇರವಾಗಿಯೇ ಹೇಳಿದೆ. ಮಾಸ್ಕ್ ಹಾಕಿದರೆ ಆಮ್ಲಜನಕ ಇಳಿಯುತ್ತದೆ ಎಂಬುದು ತಪ್ಪು. ಅದರ ಅಣುಗಳು ಬಟ್ಟೆಯ ಎಳೆಗಳ ನಡುವೆ ಸಲೀಸಾಗಿ ಹಾಯುತ್ತವೆ. 2023ರ ಸುದ್ದಿಯ ಮೂಲ ಅದೇ ಜನವರಿಯಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆ; ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಅಂತರರಾಷ್ಟ್ರೀಯ ಸಂಸ್ಥೆ ಕಾಕ್ರೇನ್. ಅದನ್ನು "ಮಾಸ್ಕ್ ಕೆಲಸ ಮಾಡುವುದಿಲ್ಲ" ಎಂದು ಓದುವುದು ಸರಿಯಲ್ಲ, ಫಲಿತಾಂಶ ಖಚಿತವಾಗಿಲ್ಲ ಎಂದಷ್ಟೇ ಹೇಳಬಹುದು ಎಂದು ಕಾಕ್ರೇನ್ ಪ್ರಧಾನ ಸಂಪಾದಕರೇ ಮಾರ್ಚ್‌ನಲ್ಲಿ ಸ್ಪಷ್ಟಪಡಿಸಿದರು. ಆದರೆ ಕಾಕಾನ ಅನುಮಾನಕ್ಕೂ ಬೇರು ಇಲ್ಲದಿರಲಿಲ್ಲ. ಆರೋಗ್ಯವಂತರು ಮಾಸ್ಕ್ ಧರಿಸಬೇಕಿಲ್ಲ ಎಂದೇ ಮೊದಲು ಹೇಳುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆ, ಸೋಂಕು ಹರಡಿದ ಕಡೆ ಜನಸಾಮಾನ್ಯರಿಗೂ ಬಟ್ಟೆಯ ಮಾಸ್ಕ್ ಸಲಹೆ ಮಾಡಿದ್ದು 2020ರ ಜೂನ್ 5ರಂದು. ಭಾರತದಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಅದು ಕಡ್ಡಾಯವಾದದ್ದು ಅದಕ್ಕೂ ಮುಂಚೆ, ಏಪ್ರಿಲ್‌ನಲ್ಲಿ. ನಮ್ಮ ರಾಜ್ಯದಲ್ಲಿ ಅದೇ ಅಕ್ಟೋಬರ್‌ನಲ್ಲಿ ನಗರಗಳಿಗೆ 1000 ರೂಪಾಯಿಗೆ ಏರಿಸಿದ ದಂಡವನ್ನು ಕೆಲವೇ ದಿನಗಳಲ್ಲಿ 250ಕ್ಕೆ ಇಳಿಸಲಾಯಿತು. ಮಾತು ಹೀಗೆ ಬದಲಾಗುತ್ತಿದ್ದಾಗ, ಗಿರಣಿಯ ಹಮಾಲರು ದಂಡ ಕಟ್ಟಿ ಬಂದದ್ದನ್ನು ಕಂಡ ಯಜಮಾನನಿಗೆ ಮಾಸ್ಕ್ ಎಂದರೆ ಆರೋಗ್ಯಕ್ಕಿಂತ ಮೊದಲು ಸರ್ಕಾರದ ದರ್ಪವೇ ಕಣ್ಣಿಗೆ ಬಿದ್ದಿರಬಹುದು.

ಎರಡನೆಯ ಭೇಟಿಗೆ ಇಡೀ ಸಂಭಾಷಣೆಯನ್ನು ಮುದ್ರಿಸಿ ತರಲು ಹೇಳಿದೆ. ಪರದೆಯ ಮೇಲೆ ಓದುವಾಗ ಕೈ ಉತ್ತರ ಬರೆಯಲು ಹವಣಿಸುತ್ತದೆ, ಕಾಗದದ ಮೇಲೆ ಓದುವಾಗ ಕಣ್ಣಷ್ಟೇ ಕೆಲಸ ಮಾಡುತ್ತದೆ. ಹಾಗೆ ನಿಧಾನವಾಗಿ ಓದಿದಾಗ, ಆಕ್ಸಿಮೀಟರ್ ವಿಡಿಯೊಕ್ಕಿಂತ ಮೊದಲೇ ಕಾಕಾ "ನನಗ ಮಾಸ್ಕ್ ಹಾಕ್ಕೊಂಡ್ರ ದಮ್ ಕಟ್ಟತೈತಿ" ಎಂದು ಎರಡು ಸಲ ಬರೆದಿದ್ದು ಕಂಡಿತು. ಎಷ್ಟೋ ವರ್ಷ ತೌಡಿನ ಧೂಳು ಕುಡಿದ, ಚಳಿಗಾಲದಲ್ಲಿ ಕೆಮ್ಮಿ ಕೆಮ್ಮಿ ಸೋಲುವ ಮನುಷ್ಯನ ಮಾತದು. ಆಮ್ಲಜನಕ ಇಳಿಯದಿದ್ದರೂ ಬೆವರಿಗೆ ತೊಯ್ದ ಬಟ್ಟೆ ಮೂಗಿಗೆ ಅಂಟಿದಾಗ ಉಸಿರುಗಟ್ಟಿದಂತಾಗುವುದು ಸುಳ್ಳಲ್ಲ. ಅವರು ತಮ್ಮ ಎದೆಯ ಮಾತು ಹೇಳಿದರೆ, ಮಗಳ ಸಮಾನಳಾದವಳು ಎಲ್ಲ ಬೀಗರ ಮುಂದೆ ಅಂಕಿ ತೋರಿಸಿ ಬಾಯಿ ಮುಚ್ಚಿಸಿದ್ದಳು. ಶಿಕ್ಷಕಿ ಬಹಳ ಹೊತ್ತು ಅತ್ತರು. ತನ್ನ ಭಯವನ್ನೂ ಗುಂಪಿನಲ್ಲಿ ಯಾರೂ ಕೇಳಲಿಲ್ಲ ಎಂಬ ಮಾತು ಆಗ ಹೊರಬಂತು, ಅದೂ ಅಷ್ಟೇ ನಿಜ.

ನಾನು ನೀಡಿದ ಸಲಹೆ ಹೀಗಿತ್ತು. ಗುಂಪಿನಲ್ಲಿ ಈ ವಿಷಯಕ್ಕೆ ಇನ್ನು ಒಂದಕ್ಷರವೂ ಬರೆಯಬಾರದು. ನೋಡುವವರಿರುವ ಕಡೆ ಯಾವ ಹಿರಿಯರೂ ಸೋಲೊಪ್ಪುವುದಿಲ್ಲ, ಒಪ್ಪಲಿ ಎಂದು ಬಯಸುವುದೂ ತರವಲ್ಲ. ಟ್ಯಾಗ್ ಮಾಡಿದವನಿಗೆ ಬೇರೆಯಾಗಿ, ಸಂಪಾದಕರ ಸ್ಪಷ್ಟನೆಯನ್ನು ಎರಡು ಸಾಲಿನಲ್ಲಿ ತಿಳಿಸಿ ಅಲ್ಲಿಗೇ ಬಿಡಬೇಕು. ಗುಂಪನ್ನು ಮ್ಯೂಟ್ ಮಾಡಿ, ರಾತ್ರಿ ಫೋನನ್ನು ಮಲಗುವ ಕೋಣೆಯಿಂದ ಹೊರಗಿಡಬೇಕು. ಕಾಕಾನೊಂದಿಗೆ ಮಾತನಾಡುವುದಾದರೆ ಮಾಸ್ಕ್ ವಿಷಯದಲ್ಲಿ ಯಾರ ಮಾತು ಸರಿಯಾಯಿತು ಎಂಬುದನ್ನು ಎತ್ತದೆ, ಸಾವಿನ ದಿನ ಆಡಿದ ಮಾತಿಗೆ ಮಾತ್ರ ಕ್ಷಮೆ ಕೇಳಬೇಕು. ಮಾಸ್ಕ್ ಧರಿಸಿರೆಂದು ಹೇಳಿದ್ದಕ್ಕೆ ಕ್ಷಮೆ ಬೇಕಿಲ್ಲ. ಈ ಎರಡನ್ನು ಬೇರ್ಪಡಿಸಿಕೊಳ್ಳಲು ಅವರಿಗೆ ಕೆಲವು ವಾರಗಳೇ ಬೇಕಾದವು. ನಿದ್ದೆ ಸುಧಾರಿಸದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದೆಂದೂ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದೆಂದೂ ತಿಳಿಸಿದೆ.

ಅವರು ಮೊದಲು ಚಿಗವ್ವನಿಗೆ ಫೋನ್ ಮಾಡಿದರು, ಅದು ಅವರದೇ ಯೋಚನೆ. ಮೂರನೆಯ ಸಲ ಕಾಕಾ ತಾವೇ ಫೋನ್ ಇಸಿದುಕೊಂಡು ಮಳೆ ಕೈಕೊಟ್ಟದ್ದು, ಗಿರಣಿಗೆ ಭತ್ತ ಬಾರದಿದ್ದದ್ದು ಮಾತನಾಡಿದರಂತೆ. ಕ್ಷಮೆಯ ಮಾತಿಗೆ "ಆತು ಬಿಡವ್ವ" ಎಂದಷ್ಟೇ ಅಂದರು. ಗುಂಪಿಗೆ ಅವರು ಮರಳಿಲ್ಲ, ಮಾಸ್ಕ್ ವಿಷಯದಲ್ಲಿ ಅಭಿಪ್ರಾಯವನ್ನೂ ಬದಲಿಸಿಲ್ಲ. ಕೆಮ್ಮಿಗೆ ಎದೆಯ ಎಕ್ಸ್‌ರೇ ತೆಗೆಸಲು ಒಪ್ಪಿ, ಶಿಕ್ಷಕಿಯ ರಜೆಯ ದಿನವನ್ನೇ ಗೊತ್ತುಮಾಡಿಕೊಂಡಿದ್ದಾರೆ.