ರೌಂಡ್ ಹಿಲ್ ಶಾಲೆ ಮುಚ್ಚಿದ್ದು ಯಾಕೆ

ಅಮೆರಿಕದ ನಾರ್ತಾಂಪ್ಟನ್ ಊರಿನ ರೌಂಡ್ ಹಿಲ್ ಶಾಲೆ 11 ವರ್ಷಕ್ಕೇ ಯಾಕೆ ಮುಚ್ಚಿತು ಅಂತ ಕೇಳಿದ್ದೀರಿ. ಮುಖ್ಯವಾಗಿ ದುಡ್ಡಿನ ತೊಂದರೆ ಸರ್. ಜಾರ್ಜ್ ಬ್ಯಾಂಕ್ರಾಫ್ಟ್, ಜೋಸೆಫ್ ಕಾಗ್ಸ್‌ವೆಲ್ ಇಬ್ಬರೂ ಜರ್ಮನಿಯಲ್ಲಿ ಓದಿ ಬಂದವರು, 1823ರಲ್ಲಿ ಯುರೋಪಿನ ಮಾದರಿಯಲ್ಲಿ ಹುಡುಗರಿಗೆ ಶಾಲೆ ತೆರೆದರು. ಮೇಷ್ಟ್ರುಗಳು ಜಾಸ್ತಿ, ಖರ್ಚೂ ಜಾಸ್ತಿ. 1831ರಲ್ಲಿ ಬ್ಯಾಂಕ್ರಾಫ್ಟ್ ಬಿಟ್ಟು ಹೋದರು. 1834ಕ್ಕೆ ಶಾಲೆ ನಿಂತಿತು.

ಆದರೆ ಸುಮ್ನೆ ಸೋತ ಶಾಲೆ ಅಂತ ಬರೆಯಬೇಡಿ, ದಯವಿಟ್ಟು. ನಾನು ಜಯನಗರದಲ್ಲಿ ಪಿಟಿ ಮೇಷ್ಟ್ರು. 1825ರಲ್ಲಿ ರೌಂಡ್ ಹಿಲ್‌ನಲ್ಲಿ ಲ್ಯಾಟಿನ್ ಕಲಿಸುತ್ತಿದ್ದ ಚಾರ್ಲ್ಸ್ ಬೆಕ್ ಅವರೇ ಹುಡುಗರಿಗೆ ಜರ್ಮನ್ ಕಸರತ್ತನ್ನೂ ಕಲಿಸಿದರು, ಅಮೆರಿಕದ ಶಾಲೆಗಳಲ್ಲಿ ವ್ಯಾಯಾಮ ಒಂದು ಪಾಠವಾಗಿ ಸೇರಿದ್ದು ಹೆಚ್ಚುಕಡಿಮೆ ಅಲ್ಲಿಂದಲೇ. ನಮ್ಮಲ್ಲಿ ಇವತ್ತಿಗೂ ಪರೀಕ್ಷೆ ಬಂದರೆ ಪಿಟಿ ಪೀರಿಯಡ್ಡನ್ನು ಗಣಿತಕ್ಕೆ ಕಿತ್ತುಕೊಳ್ಳುತ್ತಾರೆ, ಅಲ್ವಾ? ಅದಕ್ಕೇ ಬೆಕ್ ಅವರ ಬಗ್ಗೆ ನಾಲ್ಕು ಸಾಲು ಜಾಸ್ತಿ ಬರೆಯಿರಿ.