ಸಂಪಾದಕರ ಉತ್ತರ: ಟ್ರೀ ನಿಂಫ್, ಅಪ್ಸರೆ, ವನದೇವತೆ

ಮಾನ್ಯರೇ,

ಪಶ್ಚಿಮ ಘಟ್ಟದ ಚಿಟ್ಟೆಗಳ ಕುರಿತು ನಾವು ಪ್ರಕಟಿಸಿದ ಲೇಖನವನ್ನು ಓದಿ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ತಾವು ಬರೆದ ಪತ್ರ ತಲುಪಿದೆ. ದಟ್ಟ ಕಾಡಿನ ಆ ದೊಡ್ಡ ಬಿಳಿ ಚಿಟ್ಟೆಯನ್ನು ಲೇಖನದುದ್ದಕ್ಕೂ ‘ಮಲಬಾರ್ ಟ್ರೀ ನಿಂಫ್’ ಎಂದೇ ಕರೆದದ್ದು ತಮಗೆ ಹಿಡಿಸಿಲ್ಲ. ಇಂಗ್ಲಿಷ್ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದ ಮಾತ್ರಕ್ಕೆ ಅದು ಕನ್ನಡವಾಗುವುದಿಲ್ಲ ಎಂದಿದ್ದೀರಿ. 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ನಮ್ಮ ನೆಲದ ಚಿಟ್ಟೆಗೆ ಮಲಬಾರಿನ ಹಂಗು ಏಕೆಂದು ಕೇಳಿದ್ದೀರಿ. ‘ಮರದ ಅಪ್ಸರೆ’ ಎಂಬ ಹೆಸರನ್ನು ಸೂಚಿಸಿ, ಮಲಯಾಳದಲ್ಲಿ ಬಳಕೆಯಲ್ಲಿರುವ ‘ವನದೇವತೆ’ ಮಾತ್ರ ಬೇಡವೆಂದೂ ಬರೆದಿದ್ದೀರಿ. ಮೊದಲನೆಯ ಮಾತನ್ನು ಒಪ್ಪುತ್ತೇನೆ. ಉಳಿದವುಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕಾಗಿದೆ.

ಫ್ರೆಡರಿಕ್ ಮೂರ್ ಎಂಬ ಬ್ರಿಟಿಷ್ ಕೀಟತಜ್ಞರು ಈ ಚಿಟ್ಟೆಯನ್ನು 1877ರಲ್ಲಿ ವಿವರಿಸಿದಾಗ ಕೊಟ್ಟ ಪ್ರಭೇದದ ಹೆಸರೇ ‘ಮಲಬಾರಿಕಾ’. ಅದು ಇಂದು ‘ಐಡಿಯಾ’ ಎಂಬ ಕುಲದಲ್ಲಿದೆ. ಆ ಕಾಲದ ನಿಸರ್ಗಶಾಸ್ತ್ರದ ಬರವಣಿಗೆಯಲ್ಲಿ ಮಲಬಾರ್ ಎಂದರೆ ಮದರಾಸು ಪ್ರಾಂತ್ಯದ ಒಂದು ಜಿಲ್ಲೆಯಷ್ಟೇ ಆಗಿರಲಿಲ್ಲ. ಪಶ್ಚಿಮ ಕರಾವಳಿಯನ್ನೂ ಅದರ ಬೆನ್ನಿಗಿರುವ ಘಟ್ಟವನ್ನೂ ಒಟ್ಟಾಗಿ ಹಾಗೆ ಕರೆಯುವ ರೂಢಿಯಿತ್ತು. ನಾವು ಕೆಂದಳಿಲು ಎನ್ನುವ ಪ್ರಾಣಿಗೆ ಇಂಗ್ಲಿಷ್‌ನಲ್ಲಿ ಮಲಬಾರ್ ಜೈಂಟ್ ಸ್ಕ್ವಿರಲ್ ಎಂಬ ಹೆಸರೂ ಇದೆ. ಅದೇ ಅಳಿಲು ಭೀಮಾಶಂಕರದ ಕಾಡಿನಲ್ಲಿ ‘ಶೇಕರು’ ಎನಿಸಿಕೊಂಡು ಮಹಾರಾಷ್ಟ್ರದ ರಾಜ್ಯಪ್ರಾಣಿಯಾಗಿದೆ, ಮರಾಠಿಗರು ಮಲಬಾರಿನ ಹೆಸರನ್ನು ಹಿಡಿದು ಜಗಳಕ್ಕೆ ನಿಂತಂತಿಲ್ಲ. ಆದ್ದರಿಂದ ಈ ವಿಶೇಷಣದಲ್ಲಿ ಗಡಿ ತಕರಾರನ್ನು ಹುಡುಕಬೇಕಾಗಿಲ್ಲ. ಆದರೆ ಅದು ನಮಗೆ ಬೇಕೇ ಎಂಬುದು ಬೇರೆಯೇ ಪ್ರಶ್ನೆ, ಮತ್ತು ಅದಕ್ಕೆ ನನ್ನ ಉತ್ತರ ತಮ್ಮದೇ. ಶ್ರೀಲಂಕಾದಲ್ಲಿಯೂ ಅಂಡಮಾನಿನಲ್ಲಿಯೂ ಇದೇ ಕುಲದ ಬೇರೆ ಚಿಟ್ಟೆಗಳಿರುವುದರಿಂದ ಇಂಗ್ಲಿಷಿನವರಿಗೆ ಒಂದೊಂದನ್ನೂ ಊರಿನ ಹೆಸರಿನಿಂದ ಗುರುತಿಸುವ ಅಗತ್ಯವಿತ್ತು. ಪಶ್ಚಿಮ ಘಟ್ಟದಲ್ಲಿ ಈ ಕುಲದ ಚಿಟ್ಟೆ ಇದೊಂದೇ. ನಮ್ಮ ಓದುಗರಿಗೆ ವಿಶೇಷಣವಿಲ್ಲದ ಹೆಸರೇ ಸಾಕು.

ಇನ್ನು ಅಪ್ಸರೆಯ ವಿಚಾರ. ಗ್ರೀಕ್ ಪುರಾಣದ ನಿಂಫ್ ಎಂಬ ಕಿರುದೇವತೆಗೆ ಕನ್ನಡದಲ್ಲಿ ಅಪ್ಸರೆ ಎನ್ನುವುದು ಕೇಳಲು ಸೊಗಸಾಗಿಯೇ ಇದೆ. ತೊಡಕಿರುವುದು ಬೇರೆ ಕಡೆ. ಕೀಟಶಾಸ್ತ್ರದಲ್ಲಿ ನಿಂಫ್ ಎಂದರೆ ಕೋಶಾವಸ್ಥೆಯಿಲ್ಲದೆ ಬೆಳೆಯುವ ಕೀಟಗಳ ಎಳೆಯ ರೂಪ: ಮಿಡತೆಯ ಮರಿ, ತಿಗಣೆಯ ಮರಿ, ನಮ್ಮ ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುವ (ಚಿಟ್ಟೆಯೇ ಅಲ್ಲದ) ಕೀಟದ ನೀರಿನಲ್ಲಿರುವ ಮರಿ. ಕನ್ನಡದ ಕೃಷಿ ಬರಹಗಳು ಈ ಅವಸ್ಥೆಯನ್ನು ಬಹಳ ಹಿಂದಿನಿಂದಲೂ ‘ಅಪ್ಸರೆ’ ಎಂದೇ ಕರೆಯುತ್ತ ಬಂದಿವೆ. ಟೀ ಸೊಳ್ಳೆಯ ಅಪ್ಸರೆಗಳೂ ಪ್ರೌಢ ಕೀಟಗಳೂ ಗೇರುಮರದ ಎಳೆ ಚಿಗುರಿನ ರಸ ಹೀರುತ್ತವೆ ಎಂಬ ವಾಕ್ಯವನ್ನು ಓದದ ಗೇರು ಕೃಷಿಕರು ನಮ್ಮ ಜಿಲ್ಲೆಯಲ್ಲಿ ವಿರಳ. ಅದೇ ಟೀ ಸೊಳ್ಳೆಯ ಹೆಸರಿನಲ್ಲಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಮೊಟ್ಟೆ, ಮರಿಹುಳು, ಕೋಶ, ರೆಕ್ಕೆಯ ಚಿಟ್ಟೆ ಎಂಬ ಕ್ರಮದಲ್ಲಿ ಬೆಳೆಯುವ, ಅಪ್ಸರೆಯ ಹಂತವೇ ಇಲ್ಲದ ಕೀಟವೊಂದಕ್ಕೆ ಆ ಹೆಸರನ್ನು ಅಂಟಿಸಿದರೆ, ‘ಮರದ ಅಪ್ಸರೆ’ ಎಂದು ಓದಿದ ಕೃಷಿಕರು ಯಾವ ಮರಕ್ಕೆ ಯಾವ ಪೀಡೆ ಬಂತೆಂದು ಕೇಳಿಯಾರು.

ಇಂಗ್ಲಿಷ್ ಹೆಸರಿನ ಪದಕ್ಕೆ ಪದ ಇಡುವ ದಾರಿಯೇ ಅಪಾಯದ್ದು ಎಂಬುದು ನನ್ನ ಅಭಿಪ್ರಾಯ. ಈ ಚಿಟ್ಟೆಯ ಉಪಕುಟುಂಬಕ್ಕೇ ಸೇರಿದ ‘ಕಾಮನ್ ಕ್ರೋ’ವನ್ನು ‘ಸಾಮಾನ್ಯ ಕಾಗೆ’ ಎಂದು ಅಚ್ಚು ಹಾಕಿದರೆ ಓದುಗರು ಅಂಗಳದ ಕಡೆ ನೋಡುತ್ತಾರೆಯೇ ಹೊರತು ಹೂವಿನ ಕಡೆಗಲ್ಲ. ಭಾರತದ ಚಿಟ್ಟೆಗಳ ಇಂಗ್ಲಿಷ್ ಹೆಸರುಗಳಲ್ಲಿ ಕಮಾಂಡರ್, ಸಾರ್ಜೆಂಟ್, ಬ್ಯಾರನ್, ನವಾಬ್, ರಾಜಾ ಎಲ್ಲರೂ ಇದ್ದಾರೆ. ಆ ದರ್ಬಾರನ್ನು ಹಾಗೆಯೇ ಕನ್ನಡಕ್ಕೆ ಇಳಿಸುವ ಹಂಬಲ ನನಗಿಲ್ಲ.

‘ವನದೇವತೆ’ ಬೇಡವೆನ್ನುವುದಕ್ಕೆ ತಾವು ಕೊಟ್ಟ ಕಾರಣ ಅದು ಮಲಯಾಳದ ಹೆಸರು ಎಂಬುದೊಂದೇ. ಪದ ಸಂಸ್ಕೃತದ್ದು, ಎರಡು ಭಾಷೆಗಳಿಗೂ ಸಮಾನವಾದದ್ದು. ಕೇರಳ ಸರಕಾರ 2018ರಲ್ಲಿ ರಾಜ್ಯದ ಚಿಟ್ಟೆಯನ್ನು ಘೋಷಿಸಿದಾಗ ಬಂದ ‘ಬುದ್ಧ ಮಯೂರಿ’ ಎಂಬ ಹೆಸರನ್ನು ಕನ್ನಡದಲ್ಲಿ ಬರೆದರೆ ಯಾರ ನಾಲಿಗೆಯೂ ತಡವರಿಸುವುದಿಲ್ಲ. ಅದರ ಇಂಗ್ಲಿಷ್ ಹೆಸರಾದ ಮಲಬಾರ್ ಬ್ಯಾಂಡೆಡ್ ಪೀಕಾಕ್ ಎಂಬುದನ್ನು ಮಲಬಾರ್ ಬ್ಯಾಂಡೆಡ್ ಸ್ವಾಲೋಟೇಲ್ ಎಂಬ ಇನ್ನೊಂದು ಚಿಟ್ಟೆಯ ಹೆಸರಿನೊಡನೆ ಬೆರೆಸಿಕೊಳ್ಳುವವರಿಗಂತೂ ಅದರಿಂದ ಉಪಕಾರವೇ ಆಗುತ್ತದೆ. ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಮನೆಯಲ್ಲಿ ತುಳುವೋ ಹವ್ಯಕವೋ ಮರಾಠಿಯೋ ಆಡುವ ನಮ್ಮಲ್ಲಿ, ಮಲಯಾಳದ ಗೆಳೆಯನೊಡನೆ ಕಾಡಿಗೆ ಹೋದ ಹುಡುಗಿ ಅವನು ಹೇಳುವ ಹೆಸರನ್ನೇ ನಮ್ಮ ಪುಟದಲ್ಲಿಯೂ ಕಂಡರೆ ಕನ್ನಡಕ್ಕೆ ನಷ್ಟವೇನೂ ಇಲ್ಲ. ದೈವದ ಹೆಸರು ಹುಳಕ್ಕೆ ಸಲ್ಲದು ಎನ್ನುವವರಿಗೆ, ಸೂರ್ಯನ ಕುದುರೆಯೂ ಒಂದು ಹುಳವೇ ಎಂದಷ್ಟೇ ನೆನಪಿಸುತ್ತೇನೆ.

ಅದಕ್ಕಿಂತ ಮುಖ್ಯವಾಗಿ, ಹೆಸರು ಆ ಚಿಟ್ಟೆಯ ನಡೆಗೆ ಒಪ್ಪುತ್ತದೆ. ಬಿಚ್ಚಿದಾಗ ಅರ್ಧ ಗೇಣಿಗಿಂತ ಹೆಚ್ಚು ಅಗಲದ, ಬೆಳಕು ಹಾಯುವಷ್ಟು ತೆಳುವಾದ ಬಿಳಿ ರೆಕ್ಕೆ, ಅದರ ಮೇಲೆ ಕಪ್ಪು ನರ ಮತ್ತು ಚುಕ್ಕೆಗಳು. ನಿತ್ಯಹರಿದ್ವರ್ಣದ ಕಾಡಿನಲ್ಲಿ ಮರಗಳ ನಡುವೆ ತೇಲುತ್ತ ಸಾಗುವ ಈ ಚಿಟ್ಟೆಗೆ ಅವಸರವೆಂಬುದಿಲ್ಲ. ಅದಕ್ಕೆ ಕಾರಣವೂ ಇದೆ. ಕಣಗಿಲೆಯ ಕುಟುಂಬಕ್ಕೆ ಸೇರಿದ ಕಾಡುಬಳ್ಳಿಗಳ ಎಲೆಯನ್ನು ತಿಂದು ಬೆಳೆಯುವ ಇದರ ಬಳಗ ಹಕ್ಕಿಗಳ ಬಾಯಿಗೆ ರುಚಿಸುವುದಿಲ್ಲ. ಆ ಬಳ್ಳಿಗಳೂ ನೆರಳೂ ಇಲ್ಲದ ರಬ್ಬರ್ ತೋಟದಲ್ಲಿ ಇದನ್ನು ಹುಡುಕಿ ಫಲವಿಲ್ಲ. ಕಾಡನ್ನು ಬಿಟ್ಟು ಬದುಕಲಾರದ ಚಿಟ್ಟೆಗೆ ‘ವನ’ ಎಂಬ ಪದ ‘ಮರ’ಕ್ಕಿಂತ ಹೆಚ್ಚು ನಿಜವಾದದ್ದು.

ಆದ್ದರಿಂದ ಮುಂದಿನ ಸಂಚಿಕೆಯಿಂದ ನಮ್ಮಲ್ಲಿ ಈ ಚಿಟ್ಟೆ ‘ವನದೇವತೆ’. ಲೇಖನದಲ್ಲಿ ಮೊದಲ ಬಾರಿ ಬರುವಲ್ಲಿ ‘ಐಡಿಯಾ ಮಲಬಾರಿಕಾ’ ಎಂಬ ಶಾಸ್ತ್ರೀಯ ಹೆಸರನ್ನೂ ಇಂಗ್ಲಿಷ್ ಹೆಸರನ್ನೂ ಒಮ್ಮೆ ಕೊಟ್ಟು, ಬಳಿಕ ಅವುಗಳನ್ನು ಬಿಡುತ್ತೇವೆ. ದೇಲಂಪಾಡಿ, ಪಾಣತ್ತೂರು ಕಡೆಯ ಕಾಡಂಚಿನ ಮನೆಗಳಲ್ಲಿ ಇದಕ್ಕೆ ತಲೆಮಾರಿನಿಂದ ಬಂದ ಬೇರೆ ಹೆಸರಿದ್ದರೆ, ಹೆಸರು ಹೇಳಿದವರಿಗೆ ಚಿಟ್ಟೆಯ ಚಿತ್ರವನ್ನು ತೋರಿಸಿ, ಬೇರೆ ಬಿಳಿ ಚಿಟ್ಟೆಯದ್ದಲ್ಲವೆಂದು ಖಚಿತ ಮಾಡಿಕೊಂಡು ಬರೆಯಿರಿ. ಅಂಥ ಹೆಸರು ಸಿಕ್ಕಿದರೆ ವನದೇವತೆಯನ್ನೂ ಬದಿಗಿಟ್ಟು ಅದನ್ನೇ ಅಚ್ಚು ಹಾಕುತ್ತೇವೆ.

— ಸಂಪಾದಕ