ಸಂಪಾದಕರ ಉತ್ತರ: ತೊಂಬತ್ತೇಳರ ಅಜ್ಜ, ಹತ್ತೊಂಬತ್ತರ ಹುಡುಗ

ದಾವಣಗೆರೆಯ ಹಿರಿಯ ಓದುಗರೇ,

ನಿಮ್ಮ ನಾಲ್ಕು ಪುಟದ ಕಾಗದ ಬಂತು. ಹೋದ ಸಂಚಿಕೆಯಲ್ಲಿ ಐರ್ಲೆಂಡ್, ವೇಲ್ಸ್ ಕಡೆಯ ಕೆಲ್ಟಿಕ್ ಕಲೆ, ಭಾಷೆಗಳ ಮರುಹುಟ್ಟಿನ ಬಗ್ಗೆ ನಾವು ಹಾಕಿದ ಲೇಖನ ನಿಮಗೆ ಹಿಡಿಸಿಲ್ಲ. "ಅದರಲ್ಲಿ ಅರ್ಧ ಕಟ್ಟುಕಥೆ. ಮುಂದೆ ನಿಂತ ಐರ್ಲೆಂಡಿನ ಕವಿ ಯೇಟ್ಸ್‌ಗೇ ಐರಿಷ್ ಬರುತ್ತಿರಲಿಲ್ಲ. 2022ರ ಜನಗಣತಿ ನೋಡಿ, ಶಾಲೆಯ ಹೊರಗೆ ದಿನಾ ಐರಿಷ್ ಆಡುವವರು ಸುಮಾರು 72 ಸಾವಿರ. ಹೋದದ್ದು ಹೋಯ್ತು, ಸುಮ್ನೆ ಯಾಕೆ ಗದ್ದಲ?" ಅಂತ ಕೇಳಿದ್ದೀರಿ. ಕೊನೆಗೆ ಒಂದು ಸಾಲು: ತೊಂಬತ್ತೊಂದು ವರ್ಷದ ನಿಮ್ಮ ತಾಯಿ ಈಗಲೂ ಬೀಸುವ ಪದ ಹೇಳುತ್ತಾರೆ, ಮನೆಯಲ್ಲಿ ಯಾರೂ ಕೇಳುವುದಿಲ್ಲ ಅಂತ.

ಕಟ್ಟುಕಥೆ ಇದ್ದದ್ದು ನಿಜ, ಒಪ್ಪುತ್ತೇನೆ. ವೇಲ್ಸಿನ ಕವಿ ಇಯೋಲೊ ಮೊರ್ಗಾನುಗ್ ಹಳೇ ಹಸ್ತಪ್ರತಿ ಅಂತ ತಾನೇ ಬರೆದು ತೋರಿಸಿದ. 1792ರಲ್ಲಿ ಲಂಡನ್ನಿನ ಪ್ರಿಮ್‌ರೋಸ್ ಗುಡ್ಡದ ಮೇಲೆ ಕವಿಗಳ ಸಭೆ ನಡೆಸಿ, ಇದು ಪುರಾತನ ಪದ್ಧತಿ ಅಂದ. 1850ರಲ್ಲಿ ಬೆಟ್ಟಿಸ್‌ಟೌನ್ ಹತ್ತಿರ ಸಿಕ್ಕ ಬೆಳ್ಳಿಯ ಸೆರಗುಪಿನ್ನಿಗೂ ಹಳೇ ರಾಜರ ತಾರಾ ಗುಡ್ಡಕ್ಕೂ ಸಂಬಂಧವಿಲ್ಲ. ಡಬ್ಲಿನ್ನಿನ ಆಭರಣದ ವ್ಯಾಪಾರಿ ನಕಲು ಮಾರಲು ಅದಕ್ಕೆ 'ತಾರಾ ಬ್ರೂಚ್' ಅಂತ ಹೆಸರಿಟ್ಟ. ಆದರೆ ಹೆಸರು ಸುಳ್ಳಾದರೆ ಪಿನ್ನೂ ಸುಳ್ಳೇ? ಸುಮಾರು 1,300 ವರ್ಷ ಹಿಂದಿನ ಕೆಲಸ ಅದು. ಚಿನ್ನದ ತಂತಿಯನ್ನು ನೂಲಿನಂತೆ ಎಳೆದು ಹೆಣೆದಿದ್ದಾರೆ. ಬಟ್ಟೆಗೆ ತಾಗುವ ಹಿಂಬದಿಯಲ್ಲೂ ಅಷ್ಟೇ ಕುಸುರಿ. ಹಾಕಿಕೊಂಡಾಗ ಆ ಬದಿ ಯಾರಿಗೂ ಕಾಣುವುದಿಲ್ಲ.

ಈಗ ಅದೇ 1792ರ ಇನ್ನೊಂದು ಸಭೆ ನೋಡಿ. ಜುಲೈ ತಿಂಗಳು, ಬೆಲ್‌ಫಾಸ್ಟ್ ಊರು. ಹಾರ್ಪ್ ಎಂಬ ತಂತಿವಾದ್ಯ ನುಡಿಸುವವರೆಲ್ಲ ಬನ್ನಿ ಅಂತ ಕರೆ ಹೋಯಿತು. ಇಡೀ ಐರ್ಲೆಂಡಿನಿಂದ ಬಂದವರು ಹತ್ತೇ ಜನ. ಅವರಲ್ಲಿ ಡೆನಿಸ್ ಹೆಂಪ್ಸನ್ ಎಂಬ ಅಜ್ಜನಿಗೆ ತೊಂಬತ್ತೇಳು ವರ್ಷ. ಮೂರನೇ ವಯಸ್ಸಿನಲ್ಲೇ ಸಿಡುಬಿನಿಂದ ಕಣ್ಣು ಹೋಗಿತ್ತು. ಉದ್ದ ಬೆಳೆಸಿದ ಉಗುರಿನಿಂದ ಲೋಹದ ತಂತಿ ಮೀಟುವ ಹಳೇ ಪದ್ಧತಿ ಆ ಹತ್ತು ಜನರಲ್ಲಿ ಉಳಿದಿದ್ದದ್ದು ಅವನೊಬ್ಬನ ಕೈಯಲ್ಲಿ. ಪಕ್ಕದಲ್ಲಿ ಕಾಗದ ಹಿಡಿದು ಕೂತವನು ಎಡ್ವರ್ಡ್ ಬಂಟಿಂಗ್, ಹತ್ತೊಂಬತ್ತರ ಹುಡುಗ. ಸ್ವರ ಬರೆದುಕೊಳ್ಳುವುದು ಅವನಿಗೆ ವಹಿಸಿದ್ದ ಕೆಲಸ. ಸಭೆ ಮುಗಿದರೂ ಅವನು ಬಿಡಲಿಲ್ಲ. ಊರೂರು ಸುತ್ತಿ ಬರೆದುಕೊಂಡ, 1796ರಲ್ಲಿ ಮೊದಲ ಪುಸ್ತಕ ತಂದ. ಇವತ್ತು ಹಾರ್ಪ್ ಕಲಿಯುವವರು ಆ ಮಟ್ಟುಗಳಿಗೆ ಅವನ ಹತ್ತಿರವೇ ಹೋಗಬೇಕು.

ಅವನೂ ಒಂದು ತಪ್ಪು ಮಾಡಿದ. ಮಟ್ಟು ಬರೆದ, ಪದ ಬರೆಯಲಿಲ್ಲ. ಹತ್ತು ವರ್ಷದ ಮೇಲೆ, 1802ರಲ್ಲಿ, ಪದ ಹುಡುಕಲು ಬೇರೆಯವರನ್ನು ಊರೂರಿಗೆ ಕಳಿಸಬೇಕಾಯಿತು. ಅಷ್ಟರಲ್ಲಿ ಎಷ್ಟು ಹಾಡು ಹೋಗಿದ್ದವೋ!

ಇಯೋಲೊನ ಸುಳ್ಳು ನಿಮಗೆ ಗೊತ್ತು. ಬಂಟಿಂಗನ ಹೆಸರು ನಿಮ್ಮ ಕಾಗದದಲ್ಲಿ ಎಲ್ಲೂ ಇಲ್ಲ. ನನಗೆ ಬೇಸರವಾಗಿದ್ದು ಇಲ್ಲೇ ಸ್ವಾಮಿ. ಇಷ್ಟೊಂದು ಓದಿಕೊಂಡಿದ್ದೀರಿ. ಯೇಟ್ಸ್ ವಿಷಯ ಹಿಡಿದ ನಿಮಗೆ ಡಗ್ಲಸ್ ಹೈಡ್ ಕಾಣಲಿಲ್ಲವೇ? ಪಾದ್ರಿಯ ಮಗ, ಮನೆಮಾತು ಇಂಗ್ಲಿಷ್. ರಾಸ್‌ಕಾಮನ್ನಿನ ಹಳ್ಳಿಯ ಮುದುಕರ ಜೊತೆ ಕೂತು ಐರಿಷ್ ಕಲಿತ. 1893ರಲ್ಲಿ ಐರಿಷ್ ಭಾಷೆ ಉಳಿಸುವ ಸಂಘ ಗೇಲಿಕ್ ಲೀಗ್ ಕಟ್ಟಿದವರಲ್ಲಿ ಒಬ್ಬನಾದ. 1938ರಲ್ಲಿ ದೇಶದ ಮೊದಲ ಅಧ್ಯಕ್ಷನಾದ.

72 ಸಾವಿರ ಕಡಿಮೆಯೇ. ಆದರೆ ಆ ಭಾಷೆಗಳನ್ನು ಹೇಗೆ ಒರೆಸಿದರು ಅನ್ನೋದನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಲ್ವಾ? ವೇಲ್ಸಿನ ಎಷ್ಟೋ ಶಾಲೆಗಳಲ್ಲಿ ವೆಲ್ಷ್ ಆಡಿದ ಮಗುವಿನ ಕೊರಳಿಗೆ ಮರದ ತುಂಡು ಕಟ್ಟುತ್ತಿದ್ದರು. ಇನ್ನೊಂದು ಮಗು ವೆಲ್ಷ್ ಆಡಿದರೆ ತುಂಡು ಅದರ ಕೊರಳಿಗೆ. ಸಂಜೆ ಯಾರ ಕೊರಳಲ್ಲಿ ಉಳಿದಿದೆಯೋ ಆ ಮಗುವಿಗೆ ಏಟು. ಗೆಳೆಯನ ಬಾಯಿಂದ ಮನೆಮಾತು ಬರಲಿ ಅಂತ ಮಗು ಕಾಯಬೇಕು! ನಾನು ಓದಿದ ಶಾಲೆಯಲ್ಲಿ ಕನ್ನಡ ಆಡಿದರೆ ನಾಲ್ಕಾಣೆ ದಂಡ. ಹಿಡಿದುಕೊಡುವ ಕೆಲಸ ಅಲ್ಲೂ ನಮ್ಮದೇ. ನನ್ನ ಬೆಂಚಿನ ಗೆಳೆಯನ ಹೆಸರು ನಾನೇ ಹೇಳಿದ್ದೆ. ಆ ನಾಚಿಕೆ ಇನ್ನೂ ಹೋಗಿಲ್ಲ. ಇವತ್ತಿಗೂ ನಮ್ಮಲ್ಲಿ ಎಷ್ಟೋ ತಂದೆತಾಯಿ ಮಗು ಆಟದ ಬಯಲಲ್ಲೂ ಇಂಗ್ಲಿಷ್ ಆಡಲಿ ಅಂತ ಜಾಸ್ತಿ ಫೀಸು ಕಟ್ಟುತ್ತಾರೆ. ನವೆಂಬರಿನಲ್ಲಿ ಅದೇ ಮಗುವಿನ ಕೊರಳಿಗೆ ಹಳದಿ ಕೆಂಪು ಶಾಲು.

ಬೇರೆಯವರ ಕಥೆ ನಮಗೇಕೆ ಅಂತಲೂ ಕೇಳಿದ್ದೀರಿ. ಅದೇ ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಜೇಮ್ಸ್ ಕಸಿನ್ಸ್, ಯೇಟ್ಸ್ ಕಾಲದ ಡಬ್ಲಿನ್ನಿನ ನಾಟಕದವರ ಜೊತೆ ಓಡಾಡಿದವರು, 1915ರಲ್ಲಿ ಇಂಡಿಯಾಕ್ಕೆ ಬಂದರು. ಮುಂದೆ ಮೈಸೂರಿನಲ್ಲಿ ಒಬ್ಬ ವಿದ್ಯಾರ್ಥಿ ತನ್ನ ಇಂಗ್ಲಿಷ್ ಕವಿತೆಗಳನ್ನು ಅವರಿಗೆ ತೋರಿಸಿದ. ಆಗಲೇ ಒಂದು ಇಂಗ್ಲಿಷ್ ಸಂಕಲನವೂ ಅಚ್ಚಾಗಿತ್ತು. ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಅಂತ ಕಸಿನ್ಸ್ ವಿಚಾರಿಸಿದರು, ಕನ್ನಡದಲ್ಲೇ ಬರೆಯಿರಿ ಅಂದರು. ಆ ವಿದ್ಯಾರ್ಥಿ ಕುವೆಂಪು.

ಇನ್ನು ನಿಮ್ಮ "ಹೋದದ್ದು ಹೋಯ್ತು". ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪದಲ್ಲಿ ಮ್ಯಾಂಕ್ಸ್ ಅಂತ ಭಾಷೆ. ಅದನ್ನು ಮನೆಮಾತಾಗಿ ಕಲಿತವರಲ್ಲಿ ಕೊನೆಯವನು ನೆಡ್ ಮ್ಯಾಡ್ರೆಲ್, 1974ರಲ್ಲಿ ತೀರಿಕೊಂಡ. ಅದಕ್ಕೂ ಮೊದಲೇ, 1948ರಲ್ಲಿ, ಐರ್ಲೆಂಡಿನಿಂದ ಧ್ವನಿಮುದ್ರಣದ ಯಂತ್ರ ತಂದು ಅವನ ಮತ್ತು ಇತರ ಮುದುಕರ ಮಾತು ಹಿಡಿದಿಟ್ಟಿದ್ದರು. 2001ರಲ್ಲಿ ಅಲ್ಲಿ ಮ್ಯಾಂಕ್ಸ್ ಮಾಧ್ಯಮದ ಶಾಲೆ ಶುರುವಾಯಿತು. 2009ರಲ್ಲಿ ಯುನೆಸ್ಕೋ ಆ ಭಾಷೆಯನ್ನು ಸತ್ತವುಗಳ ಪಟ್ಟಿಗೆ ಸೇರಿಸಿದಾಗ ಶಾಲೆಯ ಮಕ್ಕಳು ಮ್ಯಾಂಕ್ಸ್‌ನಲ್ಲೇ ಕಾಗದ ಬರೆದರು: ನಮ್ಮ ಭಾಷೆ ಸತ್ತಿದ್ದರೆ ನಾವು ಬರೆಯುತ್ತಿರುವುದು ಯಾವ ಭಾಷೆ? ಯುನೆಸ್ಕೋ ಪಟ್ಟಿ ತಿದ್ದಿತು.

ನಿಮ್ಮ ಕೊನೆಯ ಸಾಲಿಗೆ ಬರುತ್ತೇನೆ. ಈ ಭಾನುವಾರ ತಾಯಿಯವರ ಹತ್ತಿರ ಕೂತು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಮಟ್ಟಿನ ಜೊತೆ ಪದವನ್ನೂ ಅವರ ಬಾಯಲ್ಲಿ ಬಂದ ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ಯಾರ ಹತ್ತಿರ ಕಲಿತರು, ಜೊತೆಗೆ ಬೀಸಲು ಯಾರು ಕೂರುತ್ತಿದ್ದರು, ಅದನ್ನೂ ಕೇಳಿ. ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.

- ಸಂ.